ಶಾಲಾ ರಸಪ್ರಶ್ನೆಗೆ ಪ್ರಶ್ನೆ ತಯಾರಿ: ನಾನು ಅನುಸರಿಸುವ ಕ್ರಮ

ಹೈಸ್ಕೂಲು ಮಕ್ಕಳ ರಸಪ್ರಶ್ನೆಗೆ ಕೂತಾಗ ನಾನು ಮೊದಲು ಉತ್ತರ ಬರೆದುಕೊಳ್ಳುತ್ತೇನೆ, ಪ್ರಶ್ನೆ ಆಮೇಲೆ. ಆ ಉತ್ತರ ಪಠ್ಯದಲ್ಲೋ ಪತ್ರಿಕೆಯಲ್ಲೋ ಮಕ್ಕಳ ಕಣ್ಣಿಗೆ ಬಿದ್ದಿರುವಂಥದ್ದಾಗಿರಬೇಕು. ಆ ಪ್ರಶ್ನೆಗೆ ಅದೊಂದೇ ಉತ್ತರವಾಗಿರಬೇಕು. ಎರಡನೆಯದು ಕೇಳಲು ಸುಲಭ, ಸಾಧಿಸುವುದು ಕಷ್ಟ. ವೇದಿಕೆಯ ಮೇಲೆ ನಡೆಯುವ ಜಗಳಗಳೆಲ್ಲ ಹುಟ್ಟುವುದೇ ಇಲ್ಲಿ.

‘ನಮ್ಮ ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು?’ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು ಕೆ. ಸಿ. ರೆಡ್ಡಿ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಅಧಿಕಾರ ವಹಿಸಿಕೊಂಡವರು ಎಸ್. ನಿಜಲಿಂಗಪ್ಪ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ಆ ಹುದ್ದೆಯಲ್ಲಿದ್ದವರು ಡಿ. ದೇವರಾಜ ಅರಸು. ಮೂರು ತಂಡಗಳು ಮೂರು ಹೆಸರು ಹೇಳಿದರೆ ಯಾರನ್ನೂ ತಪ್ಪು ಎನ್ನಲಾಗದು. ಹಾಗಾಗಿ ಪ್ರಶ್ನೆಯನ್ನು ಬಿಗಿ ಮಾಡುತ್ತೇನೆ: ‘ಏಕೀಕರಣಗೊಂಡ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ, ಹುದ್ದೆಗೆ ಬಂದದ್ದು 1956ರ ನವೆಂಬರ್ 1ರಂದು. ಯಾರು?’ ಈಗ ಇದಕ್ಕೆ ನಿಜಲಿಂಗಪ್ಪ ಬಿಟ್ಟು ಬೇರೆ ಉತ್ತರವಿಲ್ಲ. ‘ಮೊದಲ’, ‘ಅತಿ ದೊಡ್ಡ’, ‘ಅತಿ ಎತ್ತರದ’ ಎಂಬ ಮಾತು ಬಂದಲ್ಲೆಲ್ಲ ‘ಯಾವುದರಲ್ಲಿ? ಯಾವಾಗಿನಿಂದ?’ ಎಂದು ಕೇಳಿಕೊಳ್ಳುತ್ತೇನೆ. ಜಗತ್ತಿನ ಅತಿ ದೊಡ್ಡ ಮರುಭೂಮಿ ಎಂದಷ್ಟೇ ಕೇಳಿದರೆ ಸರಿಯುತ್ತರ ಅಂಟಾರ್ಕ್ಟಿಕಾ. ಸಹಾರಾ ಬೇಕಿದ್ದರೆ ‘ಉಷ್ಣ ಮರುಭೂಮಿ’ ಎಂದೇ ಬರೆಯಬೇಕು.

ವರ್ಷದ ವಿಷಯದಲ್ಲೂ ಹೀಗೆಯೇ ತೊಡಕಾಗುತ್ತದೆ. ಚಂದ್ರಶೇಖರ ಕಂಬಾರರಿಗೆ ಸಂದದ್ದು 2010ನೇ ಸಾಲಿನ ಜ್ಞಾನಪೀಠ, ಘೋಷಣೆಯಾದದ್ದು 2011ರಲ್ಲಿ. ಪತ್ರಿಕೆ ಓದಿದವರು ಒಂದು ವರ್ಷ ಹೇಳುತ್ತಾರೆ, ಪಟ್ಟಿ ಬಾಯಿಪಾಠ ಮಾಡಿದವರು ಇನ್ನೊಂದು. ಪ್ರಶಸ್ತಿಯ ವರ್ಷವನ್ನು ನಾನು ಕೇಳುವುದೇ ಇಲ್ಲ. ಅಳತೆಗಳೂ ಅಷ್ಟೆ. ಮುಳ್ಳಯ್ಯನಗಿರಿಯ ಎತ್ತರ ಒಂದು ಪುಸ್ತಕದಲ್ಲಿ 1,925 ಮೀಟರ್, ಇನ್ನೊಂದರಲ್ಲಿ 1,930. ಶಿಖರದ ಹೆಸರು ಕೇಳಿ, ಎತ್ತರವನ್ನು ಸುಳಿವಾಗಿ ‘1,900 ಮೀಟರಿಗೂ ಹೆಚ್ಚು’ ಎಂದು ಕೊಟ್ಟರೆ ಯಾರ ತಕರಾರೂ ಇರುವುದಿಲ್ಲ.

ಒಂದು ಪ್ರಶ್ನೆಗೆ ಒಂದು ಕಾರ್ಡು. ಮುಂಭಾಗದಲ್ಲಿ ಪ್ರಶ್ನೆ. ಹಿಂಭಾಗದಲ್ಲಿ ಉತ್ತರ, ಒಪ್ಪಬಹುದಾದ ಬೇರೆ ರೂಪಗಳು, ಎಲ್ಲಿ ನೋಡಿದ್ದು, ಯಾವ ದಿನ ನೋಡಿದ್ದು. ‘ಒಪ್ಪಬಹುದಾದ ರೂಪ’ವನ್ನು ಮೊದಲೇ ಬರೆದಿಡದಿದ್ದರೆ ವೇದಿಕೆಯಲ್ಲಿ ತಡಬಡಾಯಿಸಬೇಕಾಗುತ್ತದೆ. 1930ರ ಭೌತಶಾಸ್ತ್ರ ನೊಬೆಲ್ ಪ್ರಶ್ನೆಗೆ ‘ರಾಮನ್’ ಎಂದರೆ ಸಾಕು. ‘ಬೋಸ್’ ಎಂದರೆ ಸಾಲದು: ಜಗದೀಶಚಂದ್ರ, ಸತ್ಯೇಂದ್ರನಾಥ, ಸುಭಾಷಚಂದ್ರ ಮೂವರೂ ಪಠ್ಯದಲ್ಲಿದ್ದಾರೆ.

ದಿನಾಂಕ ಬರೆಯುವುದು ಯಾಕೆಂದರೆ ಸಾಮಾನ್ಯ ಜ್ಞಾನ ಹಳಸುತ್ತದೆ. ಶಾಸ್ತ್ರೀಯ ಸ್ಥಾನಮಾನ ಪಡೆದ ಭಾಷೆಗಳು ಆರು ಎಂದು ಹಳೆಯ ಪುಸ್ತಕಗಳಲ್ಲಿದೆ. 2024ರ ಅಕ್ಟೋಬರಿನಲ್ಲಿ ಮರಾಠಿ, ಬಂಗಾಳಿ, ಅಸ್ಸಾಮಿ, ಪಾಲಿ, ಪ್ರಾಕೃತ ಸೇರಿ ಹನ್ನೊಂದಾದವು. ಶನಿಯ ಉಪಗ್ರಹಗಳ ಪಟ್ಟಿಗೆ 2025ರ ಮಾರ್ಚ್‌ನಲ್ಲಿ ಒಮ್ಮೆಗೇ 128 ಸೇರಿ ಒಟ್ಟು 274 ಆಯಿತು. ಅತಿ ಹೆಚ್ಚು ಉಪಗ್ರಹಗಳಿರುವುದು ಗುರುವಿಗೆ ಎಂದು ಹೇಳುವ ಕೈಪಿಡಿ ಈಗಲೂ ಮಕ್ಕಳ ಕೈಯಲ್ಲಿದೆ. ವಿಜಯನಗರ ಜಿಲ್ಲೆ 2021ರಲ್ಲಿ ಆದ ಮೇಲೆ ನಮ್ಮ ಜಿಲ್ಲೆಗಳು 31. ಇಂಥವನ್ನು ಕೇಳುವಾಗ ಸಂಖ್ಯೆಗಿಂತ ಬದಲಾವಣೆಯನ್ನು ಕೇಳುವುದು ಲೇಸು: ‘ಯಾವ ಜಿಲ್ಲೆಯಿಂದ ಬೇರ್ಪಡಿಸಿ ವಿಜಯನಗರ ಜಿಲ್ಲೆ ರಚಿಸಲಾಯಿತು?’ ಬಳ್ಳಾರಿ ಎಂಬ ಉತ್ತರ ಮುಂದೆಯೂ ಕೆಡುವುದಿಲ್ಲ. ಸಚಿವರು, ಮುಖ್ಯ ನ್ಯಾಯಮೂರ್ತಿಗಳು, ಸಂಸ್ಥೆಗಳ ಅಧ್ಯಕ್ಷರು ಯಾರೆಂಬ ಪ್ರಶ್ನೆ ಇಡೀ ಸ್ಪರ್ಧೆಗೆ ಎರಡು ಮೀರದಂತೆ ನೋಡಿಕೊಂಡು, ಅವನ್ನು ಆ ದಿನ ಬೆಳಿಗ್ಗೆಯೇ ಮತ್ತೆ ಪರೀಕ್ಷಿಸುತ್ತೇನೆ.

ವಾಟ್ಸ್‌ಆ್ಯಪ್‌ನಲ್ಲಿ ಬರುವ ‘100 ಪ್ರಶ್ನೋತ್ತರ’ಗಳಿಂದ ಒಂದನ್ನೂ ನೇರವಾಗಿ ಎತ್ತಬಾರದು. ‘ಭಾರತದ ರಾಷ್ಟ್ರೀಯ ಕ್ರೀಡೆ ಹಾಕಿ’ ಎಂಬುದು ಹಾಗೆ ಹಬ್ಬಿದ ಮಾತು. ಕೇಂದ್ರ ಸರ್ಕಾರ ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಲ್ಲ.

ನನಗೆ ಬಹಳ ಮುಖ್ಯವೆನಿಸುವುದು ಸುದ್ದಿಯನ್ನೂ ಪಾಠವನ್ನೂ ಬೆಸೆಯುವ ಪ್ರಶ್ನೆಗಳು. ಚಂದ್ರಯಾನ-3 ಇಳಿದ ದಿನ 2023ರ ಆಗಸ್ಟ್ 23. ದಿನಾಂಕ ಕೇಳಿದರೆ ನೆನಪಿನ ಪರೀಕ್ಷೆಯಾಗಿ ಮುಗಿಯುತ್ತದೆ. ಬದಲಿಗೆ ಹೀಗೆ ಕೇಳುತ್ತೇನೆ: ‘ವಿಕ್ರಮ್ ಲ್ಯಾಂಡರನ್ನು ಭೂಮಿಯ ಸುಮಾರು 14 ದಿನಗಳ ಕೆಲಸಕ್ಕೆಂದು ರೂಪಿಸಲಾಗಿತ್ತು. 14 ದಿನವೇ ಏಕೆ?’ ಲ್ಯಾಂಡರ್ ನಡೆಯುವುದು ಸೌರಶಕ್ತಿಯಿಂದ, ಚಂದ್ರನ ಮೇಲೆ ಒಂದು ಹಗಲು ಸುಮಾರು ನಮ್ಮ 14 ದಿನಗಳಷ್ಟು. ಉತ್ತರ ಗೊತ್ತಿಲ್ಲದ ತಂಡವೂ ಯೋಚಿಸಿ ತಲುಪಬಲ್ಲ ಪ್ರಶ್ನೆ ಇದು. ಇಬ್ಬರು ಮಕ್ಕಳು ತಲೆ ತಗ್ಗಿಸಿ ಪಿಸುಗುಟ್ಟುತ್ತಾ ಒಂದೊಂದೇ ಎಳೆ ಹಿಡಿಯುವುದನ್ನು ನೋಡಲು ಸಿಗುವುದು ಇಂಥ ಪ್ರಶ್ನೆಗಳಲ್ಲೇ. ‘ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ?’ ಎಂಬುದರ ಬದಲು ‘ಮಂಗಳೂರಿಗಿಂತ ಮಡಿಕೇರಿಯಲ್ಲಿ ನೀರು ಕಡಿಮೆ ಉಷ್ಣಾಂಶದಲ್ಲಿ ಕುದಿಯುವುದೇಕೆ?’ ಎನ್ನುವುದೂ ಹಾಗೆಯೇ. ಎತ್ತರಕ್ಕೆ ಹೋದಂತೆ ವಾಯುಭಾರ ಕಡಿಮೆ. 2025ರ ಇಂಟರ್‌ನ್ಯಾಷನಲ್ ಬೂಕರ್ ಬಾನು ಮುಷ್ತಾಕ್ ಅವರಿಗೆ ಬಂದದ್ದು ಎಲ್ಲರಿಗೂ ಗೊತ್ತು. 50,000 ಪೌಂಡ್‌ಗಳನ್ನು ಸಮಪಾಲು ಹಂಚಿಕೊಂಡ ಇನ್ನೊಬ್ಬರು ಯಾರು, ಯಾವ ಕೆಲಸಕ್ಕೆ ಎಂದು ಕೇಳಿದರೆ ಅನುವಾದಕಿ ದೀಪಾ ಭಾಸ್ತಿ ಅವರ ಹೆಸರೂ ಮಕ್ಕಳ ಬಾಯಲ್ಲಿ ಬರುತ್ತದೆ.

ಪೂರ್ವಭಾವಿ ಸುತ್ತಿಗೆ 25 ಲಿಖಿತ ಪ್ರಶ್ನೆ ಸಾಕು. ಪ್ರತಿಯೊಂದನ್ನೂ ಎರಡು ಸಲ ಓದಿ 30 ಸೆಕೆಂಡು ಬಿಟ್ಟರೆ 20–25 ನಿಮಿಷದಲ್ಲಿ ಮುಗಿಯುತ್ತದೆ. ಪ್ರಚಲಿತ ವಿದ್ಯಮಾನ ಎಂಟಕ್ಕಿಂತ ಹೆಚ್ಚು ಬೇಡ. ದಿನಪತ್ರಿಕೆ ಬಾರದ ಊರಿನ ಮಕ್ಕಳೂ ಬಂದಿರುತ್ತಾರೆ, ಅವರಿಗೆ ಪಠ್ಯವೇ ಆಸರೆ. ಐದು ಪ್ರಶ್ನೆಗಳಿಗೆ ನಕ್ಷತ್ರದ ಗುರುತು ಹಾಕಿ, ಅಂಕ ಸಮವಾದರೆ ನಕ್ಷತ್ರದ ಪ್ರಶ್ನೆ ಹೆಚ್ಚು ಸರಿ ಮಾಡಿದವರು ಮುಂದಕ್ಕೆ ಎಂದು ಮೊದಲೇ ಹೇಳಿಬಿಡಬೇಕು.

ಅಂತಿಮ ಸುತ್ತಿಗೆ ಆರು ತಂಡಗಳು. ಪ್ರತಿ ತಂಡಕ್ಕೂ ನಿಗದಿತ ಪ್ರಶ್ನೆ, ತಪ್ಪಿದರೆ ಪಕ್ಕದವರಿಗೆ ಪಾಸ್ ಎಂಬ ರೂಢಿಯ ಕ್ರಮದಲ್ಲಿ ಒಂದು ಅನ್ಯಾಯ ಅಡಗಿದೆ. 3ನೇ ತಂಡ ದುರ್ಬಲವಾಗಿದ್ದರೆ ಅದರ ಪ್ರಶ್ನೆಗಳೆಲ್ಲ ಮೊದಲು 4ನೇ ತಂಡದ ಮಡಿಲಿಗೇ ಬೀಳುತ್ತವೆ. ಅದಕ್ಕೆ ನಾನು ನಿಗದಿತ ಪ್ರಶ್ನೆಯನ್ನೇ ಬಿಟ್ಟಿದ್ದೇನೆ. ಒಂದು ಪ್ರಶ್ನೆಗೆ ಯಾವ ತಂಡ ಸರಿಯುತ್ತರ ಕೊಟ್ಟಿತೋ ಅದರ ಮುಂದಿನ ತಂಡದಿಂದ ಹೊಸ ಪ್ರಶ್ನೆ ಶುರು. ಯಾರೂ ಹೇಳದಿದ್ದರೆ, ಆ ಪ್ರಶ್ನೆ ಶುರುವಾದ ತಂಡದ ಪಕ್ಕದವರಿಂದ. ಅರ್ಧ ಪ್ರಶ್ನೆಗಳಾದ ಮೇಲೆ ದಿಕ್ಕು ತಿರುಗಿಸುತ್ತೇನೆ. ಪಾಸ್ ಆಗಿ ಬಂದ ಪ್ರಶ್ನೆಗೂ ಪೂರ್ತಿ 10 ಅಂಕ.

ಬಜರ್ ಸುತ್ತು ನನಗೆ ಅಷ್ಟು ಇಷ್ಟವಿಲ್ಲ. ನಮ್ಮಲ್ಲಿ ‘ಯಾರು’, ‘ಎಲ್ಲಿ’ ವಾಕ್ಯದ ಕೊನೆಗೆ ಬರುವುದರಿಂದ ಆತುರದ ಮಕ್ಕಳು ಏನು ಕೇಳುತ್ತಾರೆಂದು ತಿಳಿಯುವ ಮೊದಲೇ ಒತ್ತಿಬಿಡುತ್ತಾರೆ. ಇಡಲೇಬೇಕಾದರೆ ‘ಈ ಊರನ್ನು ಗುರುತಿಸಿ’ ಎಂದು ಮೊದಲೇ ಹೇಳಿ, ಕಠಿಣ ಸುಳಿವಿನಿಂದ ಸುಲಭದ ಕಡೆಗೆ ಓದಬೇಕು. ಹಳೇಬೀಡು ಉತ್ತರವಾದರೆ ಮೊದಲು ದೋರಸಮುದ್ರ ಎಂಬ ಹಳೆಯ ಹೆಸರು, ಆಮೇಲೆ 2023ರ ವಿಶ್ವ ಪರಂಪರೆ ಪಟ್ಟಿ, ಕಡೆಗೆ ಹೊಯ್ಸಳೇಶ್ವರ ದೇಗುಲ. ಬಜರ್ ಇಲ್ಲದ ಕಡೆ ಸ್ಲೇಟು ಒಳ್ಳೆಯದು: ಆರೂ ತಂಡಗಳು 30 ಸೆಕೆಂಡಿನಲ್ಲಿ ಬರೆದು ಒಟ್ಟಿಗೆ ಎತ್ತಿ ತೋರಿಸಲಿ. ಯಾರು ಮೊದಲು ಒತ್ತಿದರೆಂಬ ವಾದಕ್ಕೆ ಅಲ್ಲಿ ಜಾಗವೇ ಇಲ್ಲ.

ತಕರಾರು ಬಂದರೆ ಆ ಸುತ್ತು ಮುಗಿಯುವುದರೊಳಗೆ ತೀರ್ಮಾನಿಸಬೇಕು. ಕಾರ್ಡಿನ ಹಿಂದೆ ಬರೆದ ಮೂಲವನ್ನು ಇಬ್ಬರು ಶಿಕ್ಷಕರಿಗೆ ತೋರಿಸಿ, ಮಗು ಹೇಳಿದ್ದೂ ಸರಿಯೆಂದಾದರೆ ಅಂಕ ಕೊಟ್ಟು ಸಭೆಗೂ ಹೇಳುತ್ತೇನೆ. ಪ್ರಶ್ನೆಯೇ ಸಡಿಲವಾಗಿದ್ದರೆ ಅದನ್ನು ರದ್ದು ಮಾಡಿ ಹೊಸ ಪ್ರಶ್ನೆ. ಅದಕ್ಕೆಂದೇ ಪ್ರತಿ ಸುತ್ತಿಗೂ ಆರು ಕಾರ್ಡು ಹೆಚ್ಚುವರಿಯಾಗಿ ಇಟ್ಟುಕೊಂಡಿರಬೇಕು. ಉಳಿದವುಗಳಲ್ಲಿ ಪಠ್ಯದ ಕಾರ್ಡುಗಳು ಪೆಟ್ಟಿಗೆಗೆ ಹಿಂತಿರುಗುತ್ತವೆ, ಸುದ್ದಿಯ ಕಾರ್ಡುಗಳನ್ನು ಮುಂದಿನ ಸಲ ಹೊಸದಾಗಿ ಪರೀಕ್ಷಿಸದೆ ಮುಟ್ಟುವುದಿಲ್ಲ.