ಡೇರಿ ತಕ್ಕಡಿ, ಫ್ಯಾಟ್ ಮಷೀನು: ಸಿಗ್ನಲ್ ಬಿಟ್ಟು ಪೋಲ್ ಹಿಡಿದದ್ದು

ಕೋಲಾರದ ಸುತ್ತಲಿನ ಹಳ್ಳಿ ಡೇರಿಗೆ, ರೈತರ ಹಾಲಿನ ತೂಕ, ಫ್ಯಾಟು (ಕೊಬ್ಬಿನಂಶ) ಓದಿ ಚೀಟಿ ಕೊಡಲು ನಾನು ಮಾಡಿಕೊಟ್ಟ ವ್ಯವಸ್ಥೆ ಇಷ್ಟೇ: ಒಂದು ಸಣ್ಣ ಲಿನಕ್ಸ್ ಬೋರ್ಡು, ಅದಕ್ಕೆ ಎರಡು ಯುಎಸ್‌ಬಿ ಸೀರಿಯಲ್ ಕೇಬಲ್. ತಕ್ಕಡಿ ಬಿಡುವಿಲ್ಲದೆ ತೂಕ ಕಳಿಸುತ್ತಲೇ ಇರುತ್ತದೆ. ಫ್ಯಾಟ್ ಮಷೀನು ಸ್ಯಾಂಪಲ್ ಮುಗಿದಾಗ ಒಂದೇ ಸಾಲು ಕೊಟ್ಟು ಸುಮ್ಮನಾಗುತ್ತದೆ.

ಇವೆರಡನ್ನೂ ಓದುವ ಪ್ರೋಗ್ರಾಮು ಮೊದಲು ಬರೆದದ್ದು ಸಿಗ್‌ಐಓ (ಡೇಟಾ ಬಂತೆಂದು ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಪ್ರೋಗ್ರಾಮಿಗೆ ಕಳಿಸುವ ಸಿಗ್ನಲ್) ನಂಬಿಕೊಂಡು. ಡೇಟಾ ಬಂದಾಗ ಕರ್ನಲ್ಲೇ ಕೂಗುತ್ತದೆ, ನಾವ್ಯಾಕೆ ಕಾಯಬೇಕು ಅನ್ನುವ ಲೆಕ್ಕ. ಆದರೆ ಮಾಮೂಲಿ ಸಿಗ್ನಲ್‌ಗಳು ಸಾಲುಗಟ್ಟುವುದಿಲ್ಲ. ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಓಡುತ್ತಿರುವಾಗ ಇನ್ನೂ ಮೂರು ಬಂದರೆ ಉಳಿಯುವುದು ಒಂದೇ. ಒಂದು ಸಿಗ್ನಲ್‌ಗೆ ಒಂದು ಓದು ಅಂತ ಬರೆದರೆ ಫ್ಯಾಟಿನ ಸಾಲು ಬಫರಿನಲ್ಲೇ ಕೂತು, ಹಿಂದಿನವರ ಫ್ಯಾಟು ಮುಂದಿನವರ ಚೀಟಿಗೆ ಹತ್ತುತ್ತದೆ. ರೈತರು ಸುಮ್ಮನಿರುತ್ತಾರೆಯೇ? ರಿಯಲ್‌ಟೈಮ್ ಸಿಗ್ನಲ್ ಹಾಕಿದರೆ ಸಾಲುಗಟ್ಟುತ್ತವೆ, ಯಾವ ಪೋರ್ಟು ಅಂತಲೂ ತಿಳಿಯುತ್ತದೆ. ಆದರೆ ಆ ಸಾಲೂ ತುಂಬಿದರೆ ಮತ್ತೆ ಬರಿಯ ಸಿಗ್‌ಐಓ ಬಂದು, ಎಲ್ಲಾ ಪೋರ್ಟನ್ನೂ ನೀವೇ ತಡಕಬೇಕು. ಇನ್ನೊಂದು: ಹ್ಯಾಂಡ್ಲರ್ ಒಳಗೆ ಪ್ರಿಂಟ್‌ಎಫ್ (ಬರಹ ತೋರಿಸುವ ಫಂಕ್ಷನ್), ಮ್ಯಾಲಾಕ್ (ಮೆಮೊರಿ ಕೇಳುವ ಫಂಕ್ಷನ್) ಮುಟ್ಟಬೇಡಿ. ಮುಖ್ಯ ಪ್ರೋಗ್ರಾಮು ಅವುಗಳ ಒಳಗಿನ ಬೀಗ (ಲಾಕ್) ಹಿಡಿದಿರುವಾಗ ಸಿಗ್ನಲ್ ನುಗ್ಗಿದರೆ ಅಲ್ಲಿಗೇ ಗಂಟು.

ಈಗ ಪೋಲ್. ನಿದ್ದೆ ಹೊಡೆದು ಆಗಾಗ ಎದ್ದು ನೋಡುವ ಲೂಪಲ್ಲ. ಡೇಟಾ ಬರುವವರೆಗೆ ಸಿಪಿಯು ಮುಟ್ಟದೆ ಮಲಗುವ ಪೋಲ್ ಕಾಲ್. 9600 ಬಾಡ್ (ಸೀರಿಯಲ್ ವೇಗ; ಅಕ್ಷರಕ್ಕೆ 10 ಬಿಟ್) ಅಂದರೆ ಸೆಕೆಂಡಿಗೆ 960 ಅಕ್ಷರ. ಇಷ್ಟು ನಿಧಾನದ ಎರಡು ಪೋರ್ಟಿಗೆ ಈಪೋಲ್ (ಬಹಳ ಪೋರ್ಟು ಇದ್ದಾಗ ಬಳಸುವ ಪೋಲ್) ಬೇಕಿಲ್ಲ.

ಪೋರ್ಟನ್ನು ರಾ ಮೋಡಿನಲ್ಲಿ (ಬೈಟು ಬಂದದ್ದು ಬಂದಹಾಗೆ), ನಾನ್‌ಬ್ಲಾಕಿಂಗ್ ಆಗಿ (ಡೇಟಾ ಇಲ್ಲದಿದ್ದರೆ ಓದು ಕಾಯದಂತೆ) ತೆರೆದು, ಈಅಗೇನ್ (ಸದ್ಯಕ್ಕೆ ಇನ್ನೇನೂ ಇಲ್ಲ ಅನ್ನುವ ಉತ್ತರ) ಬರುವವರೆಗೆ ಓದುತ್ತೇನೆ. 12.450 ಅನ್ನುವುದು ಒಂದು ಸಲ "12.", ಇನ್ನೊಂದು ಸಲ "450" ಆಗಿ ಬರುತ್ತದೆ. ಪ್ರತಿ ಪೋರ್ಟಿಗೂ ಬೇರೆ ಬಫರ್ ಇಟ್ಟು, ಸಾಲಿನ ಕೊನೆ ಸಿಕ್ಕ ಮೇಲೇ ಸಂಖ್ಯೆ ಮಾಡಿ.

ಕೇಬಲ್ ಕಿತ್ತರೆ ಪೋಲ್‌ಹಪ್ (ಸಂಪರ್ಕ ಕಡಿಯಿತು ಅನ್ನುವ ಸೂಚನೆ) ಬರುತ್ತದೆ. ಅದನ್ನು ನೋಡದಿದ್ದರೆ ಪೋಲ್ ಕಾಯದೆ ತಿರುಗಿ ಬರುತ್ತಾ ಸಿಪಿಯು ಶೇ. 100ಕ್ಕೆ ಏರುತ್ತದೆ. ಆ ಪೋರ್ಟು ಮುಚ್ಚಿ, ಪೋಲ್ ಪಟ್ಟಿಯಲ್ಲಿ ಅದರ ಎಫ್‌ಡಿ (ತೆರೆದ ಪೋರ್ಟಿನ ಸಂಖ್ಯೆ) ಜಾಗಕ್ಕೆ -1 ಹಾಕಿ (ಪೋಲ್ ಅದನ್ನು ಕಡೆಗಣಿಸುತ್ತದೆ), 2 ಸೆಕೆಂಡಿಗೊಮ್ಮೆ ಮತ್ತೆ ತೆರೆಯಲು ನೋಡಿ. ಕರೆಂಟು ಹೋಗಿ ಬಂದಾಗ ಲಿನಕ್ಸ್ ಕೇಬಲ್‌ಗಳಿಗೆ ಕೊಡುವ ಹೆಸರು, ಟಿಟಿವೈಯುಎಸ್‌ಬಿ 0, 1, ಅದಲುಬದಲಾಗಬಹುದು. ಅಗ್ಗದ ಕೇಬಲ್‌ಗಳಿಗೆ ಸೀರಿಯಲ್ ನಂಬರೂ ಇರುವುದಿಲ್ಲ. ಅದಕ್ಕೇ ಬೈ-ಪಾತ್ (ಕೇಬಲ್ ಚುಚ್ಚಿದ ಯುಎಸ್‌ಬಿ ತೂತಿನ ಮೇಲೆ ಬರುವ) ಹೆಸರಿನಲ್ಲೇ ತೆರೆಯುತ್ತೇನೆ.

ಸಿಗ್ನಲ್ ಪೂರ್ತಿ ಬಿಟ್ಟಿಲ್ಲ. ಪ್ರೋಗ್ರಾಮು ನಿಲ್ಲಿಸುವ ಸಿಗ್‌ಟರ್ಮ್ ಸಿಗ್ನಲ್ ಬೇಕೇ ಬೇಕು. ಅದನ್ನು ತಡೆಹಿಡಿದು, ಸಿಗ್ನಲ್‌ಎಫ್‌ಡಿ (ಸಿಗ್ನಲನ್ನು ಫೈಲಿನಂತೆ ಓದಿಸುವ ಕಾಲ್) ಮೂಲಕ ಅದೇ ಪೋಲ್ ಪಟ್ಟಿಗೆ ಸೇರಿಸಿದ್ದೇನೆ. ಚೀಟಿ ಪ್ರಿಂಟಿಗೆ ಬೇರೆ ಪ್ರೋಗ್ರಾಮು ಎಬ್ಬಿಸುವಾಗ ಮಾತ್ರ ಫೋರ್ಕ್ (ಹೊಸ ಮಗು ಪ್ರೋಸೆಸ್ ಹುಟ್ಟಿಸುವ ಕಾಲ್) ಆದಮೇಲೆ ಮಗುವಿನಲ್ಲಿ ಆ ತಡೆ ತೆಗೆಯಿರಿ. ಇಲ್ಲದಿದ್ದರೆ ಮಗು ಪ್ರೋಸೆಸ್ಸಿಗೂ ಅದೇ ತಡೆ ಅಂಟಿಕೊಂಡು, ಮಾಮೂಲಿ ಕಿಲ್ (ಸಿಗ್‌ಟರ್ಮ್ ಕಳಿಸುವ ಕಮಾಂಡು) ಹೊಡೆದರೂ ಅಲ್ಲಾಡುವುದಿಲ್ಲ.