ದುಡಿಯುವ ಮಗು ಕಣ್ಣಿಗೆ ಬಿದ್ದರೆ ಮಾಡಬೇಕಾದುದೇನು: ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯವರಿಗೊಂದು ಕೈಪಿಡಿ

ಹೈಬ್ರಿಡ್ ಹತ್ತಿಯ ಬೀಜ ಬೆಳೆಯುವ ನಮ್ಮ ಕಡೆಯ ಹಳ್ಳಿಗಳಲ್ಲಿ ‘ಕ್ರಾಸಿಂಗ್’ ಎಂಬ ಮಾತು ಎಲ್ಲರಿಗೂ ಗೊತ್ತು. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆಯೇ ಉಗುರಿನಿಂದ ಬಿಡಿಸಿ ಅದರ ಕೇಸರಗಳನ್ನು ತೆಗೆಯಬೇಕು. ಮರುದಿನ ಬೆಳಗ್ಗೆ ಬಿಸಿಲೇರುವ ಮೊದಲು ಗಂಡು ಸಾಲಿನ ಹೂವನ್ನು ತಂದು, ಅದರ ಪರಾಗವನ್ನು ಈ ಹೂವಿನ ತುದಿಗೆ ಸೋಕಿಸಬೇಕು. ಒಂದೊಂದು ಹೂವಿಗೂ ಹೀಗೆ ಕೈಯಿಂದಲೇ ಮಾಡಬೇಕಾದ ಈ ಕೆಲಸದ ಬೆಳಗಿನ ಹೊತ್ತು ಶಾಲೆಯ ಹೊತ್ತೂ ಆಗಿರುವುದರಿಂದ, ಹತ್ತಿ ಹೂಬಿಡುವ ತಿಂಗಳುಗಳಲ್ಲಿ ಆರು, ಏಳು, ಎಂಟನೆಯ ತರಗತಿಗಳ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಬೀಳತೊಡಗುತ್ತವೆ.

‘ಈ ಕೆಲಸಕ್ಕೆ ಎಳೆಯ ಬೆರಳೇ ಬೇಕು, ಗಿಡದ ಎತ್ತರಕ್ಕೆ ಮಕ್ಕಳೇ ಸರಿ’ ಎಂದು ಹೇಳುವವರನ್ನು ನಾನು ಬಹಳ ಕೇಳಿದ್ದೇನೆ. ದೊಡ್ಡವರೂ ಇದೇ ಕೆಲಸವನ್ನು ಇಷ್ಟೇ ಚೆನ್ನಾಗಿ ಮಾಡುತ್ತಾರೆ. ಮಗುವಿಗೆ ಕೊಡುವ ಕೂಲಿ ಕಡಿಮೆ, ಅದು ಎದುರಾಡುವುದಿಲ್ಲ, ಹೆಚ್ಚು ಹೊತ್ತು ನಿಲ್ಲಿಸಿಕೊಂಡರೂ ಕೇಳುವವರಿಲ್ಲ ಎಂಬುದೇ ನಿಜವಾದ ಕಾರಣ. ಮೆಣಸಿನಕಾಯಿ ಬಿಡಿಸುವುದು, ಇಟ್ಟಿಗೆ ಭಟ್ಟಿ, ಹೋಟೆಲು, ಗ್ಯಾರೇಜು, ವರ್ಷಕ್ಕಿಷ್ಟು ಎಂದು ಮಾತಾಡಿ ದನ ಅಥವಾ ಕುರಿ ಕಾಯಲು ಬಿಡುವ ಜೀತ, ಇವೆಲ್ಲವುಗಳ ಹಿಂದೆಯೂ ಇದೇ ಲೆಕ್ಕವಿದೆ.

ಮಗುವನ್ನು ಕಳಿಸುವ ಮನೆಯ ಲೆಕ್ಕ ಬೇರೆ. ಮಳೆಯನ್ನೇ ನಂಬಿದ ತುಂಡು ಹೊಲ, ಕೆಲಸವಿಲ್ಲದ ತಿಂಗಳುಗಳಲ್ಲಿ ಬೆಂಗಳೂರಿಗೋ ಬೇರೆ ರಾಜ್ಯಕ್ಕೋ ಗುಳೆ, ಮದುವೆಗೋ ಆಸ್ಪತ್ರೆಗೋ ತೆಗೆದ ಸಾಲ. ಆ ಸಾಲಕ್ಕೆ ಉತ್ತರವಾಗಿ, ಹೊಲದವರಿಗೆ ಕೂಲಿಯವರನ್ನು ಕೂಡಿಸಿಕೊಡುವ ಏಜೆಂಟನು ಮಗುವಿನ ದುಡಿಮೆಯ ಮೇಲೆ ಕೊಡುವ ಮುಂಗಡ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75ರಷ್ಟಿದ್ದಾಗ ರಾಯಚೂರು ಜಿಲ್ಲೆಯದು ಶೇಕಡಾ 60ರ ಆಸುಪಾಸಿನಲ್ಲಿತ್ತು ಎಂಬುದನ್ನು ನೆನೆದರೆ, ತಾವೇ ಶಾಲೆಯ ಮುಖ ಕಾಣದ ತಂದೆತಾಯಿಗಳು ಮುಂಗಡದ ಚೀಟಿಗೆ ಹೆಬ್ಬೆಟ್ಟು ಒತ್ತುವುದು ಏಕೆಂಬುದು ತಿಳಿಯುತ್ತದೆ. ತಂದೆಯ ಆಸರೆಯಿಲ್ಲದ ಮಕ್ಕಳು, ಮಾಜಿ ದೇವದಾಸಿಯರ ಮಕ್ಕಳು, ತಾಯಿ ಕೂಲಿಗೆ ಹೋದಾಗ ತಮ್ಮತಂಗಿಯರನ್ನು ನೋಡಿಕೊಳ್ಳಬೇಕಾದ ಹಿರಿಯ ಹುಡುಗಿಯರು, ಊರಿನಲ್ಲಿ ಪ್ರೌಢಶಾಲೆ ಇಲ್ಲದೆ ಏಳನೆಯ ತರಗತಿಗೆ ಓದು ನಿಲ್ಲಿಸಿದವರು ಎಲ್ಲರಿಗಿಂತ ಮೊದಲು ಈ ಬಲೆಗೆ ಬೀಳುತ್ತಾರೆ.

ಕಾನೂನು ಹೇಳುವುದೇನು

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ, 14 ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರೊಳಗಿನವರನ್ನು ಗಣಿ, ಸ್ಫೋಟಕ ಹಾಗೂ ಬೇಗ ಹೊತ್ತಿಕೊಳ್ಳುವ ವಸ್ತುಗಳ ಕೆಲಸ ಮತ್ತು ಅಪಾಯಕಾರಿ ಎಂದು ಪಟ್ಟಿ ಮಾಡಿದ ಪ್ರಕ್ರಿಯೆಗಳಲ್ಲಿ ತೊಡಗಿಸುವಂತಿಲ್ಲ. ಸಂಡೂರಿನ ಅದಿರಿನ ನಾಡಿನವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಆ ವಯಸ್ಸಿನವರಿಗೆ ಉಳಿದ ಕೆಲಸಗಳಲ್ಲಿಯೂ ಮಿತಿಗಳಿವೆ: ಮೂರು ಗಂಟೆ ದುಡಿದ ಮೇಲೆ ಒಂದು ಗಂಟೆ ವಿರಾಮ ಕೊಡಬೇಕು, ವಿರಾಮವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಗ್ಗೆ 8ರವರೆಗೆ ದುಡಿಸಬಾರದು, ವಾರಕ್ಕೊಂದು ದಿನ ರಜೆ ಕೊಡಬೇಕು.

‘ಇದೆಲ್ಲ ಕಾರ್ಖಾನೆಗೆ, ಹೊಲಕ್ಕಲ್ಲ’ ಎಂಬ ಮಾತು ತಪ್ಪು. ಕಾಯ್ದೆಯು ‘ಸಂಸ್ಥೆ’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಅಂಗಡಿ, ಹೋಟೆಲುಗಳ ಜೊತೆಗೆ ಹೊಲವೂ ಸೇರಿದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲವಿರುವುದು ‘ನಮ್ಮ ಮನೆಯ ಕೆಲಸ’ ಎಂಬ ವಿನಾಯಿತಿಯಲ್ಲಿ. ಮಗು ತನ್ನ ಕುಟುಂಬಕ್ಕೆ ಅಪಾಯವಿಲ್ಲದ ಕೆಲಸದಲ್ಲಿ ಶಾಲೆಯ ನಂತರ ಅಥವಾ ರಜೆಯಲ್ಲಿ ನೆರವಾಗಬಹುದು. ಕುಟುಂಬವೆಂದರೆ ತಂದೆ, ತಾಯಿ, ಒಡಹುಟ್ಟಿದವರು ಮತ್ತು ತಂದೆತಾಯಿಯರ ಒಡಹುಟ್ಟಿದವರು. ಅಂದರೆ ಚಿಕ್ಕಪ್ಪನ ಹೊಲ, ಸೋದರಮಾವನ ಹೊಲ ಇದರೊಳಗೆ ಬರುತ್ತವೆ, ಓಣಿಯ ಗೌಡರ ಹೊಲ ಬರುವುದಿಲ್ಲ. ಈ ಕಾಯ್ದೆಯ 2017ರ ನಿಯಮಗಳ ಪ್ರಕಾರ ಸ್ವಂತ ಹೊಲದಲ್ಲಿಯೂ ಶಾಲೆಯ ಹೊತ್ತಿನಲ್ಲಿ, ಸಂಜೆ 7ರ ನಂತರ, ಬೆಳಗ್ಗೆ 8ರ ಮೊದಲು ಮಗುವಿನಿಂದ ಕೆಲಸ ಮಾಡಿಸುವಂತಿಲ್ಲ. ಶಾಲೆಯ ಹೊತ್ತು ಬಿಟ್ಟು ದಿನಕ್ಕೆ ಮೂರು ಗಂಟೆ ಮೀರುವಂತಿಲ್ಲ. ಹೀಗಿರುವಾಗ ಶಾಲೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ನಡೆಯುವ ಕ್ರಾಸಿಂಗ್‌ಗೆ ಮಗುವನ್ನು ನಿಲ್ಲಿಸಿದರೆ, ಅದು ಅಪ್ಪನ ಹೊಲವೇ ಆದರೂ ನಿಯಮದ ಉಲ್ಲಂಘನೆಯೇ ಆಗುತ್ತದೆ.

ಮಗುವನ್ನು ದುಡಿಸಿಕೊಂಡವರಿಗೆ 6 ತಿಂಗಳಿಂದ 2 ವರ್ಷದವರೆಗೆ ಸೆರೆವಾಸ, 20,000ದಿಂದ 50,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದು ಸಂಜ್ಞೇಯ ಅಪರಾಧವಾದ್ದರಿಂದ ಪೊಲೀಸರು ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪ್ರಕರಣ ದಾಖಲಿಸಬಹುದು. ಮುಂಗಡ ಕೊಟ್ಟು ಮಗುವನ್ನು ಕಟ್ಟಿಹಾಕಿಕೊಂಡಿದ್ದರೆ 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆಯೂ, 2015ರ ಬಾಲನ್ಯಾಯ ಕಾಯ್ದೆಯ 79ನೆಯ ಕಲಮೂ ಅನ್ವಯಿಸುತ್ತವೆ. ಈ ಕಲಮಿನಡಿ 5 ವರ್ಷದವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿ ದಂಡವಿದೆ. ಮಗು ಪರಿಶಿಷ್ಟ ಜಾತಿ ಅಥವಾ ಪಂಗಡದ್ದಾಗಿದ್ದು ದುಡಿಸಿಕೊಂಡವರು ಆ ಸಮುದಾಯಗಳವರಲ್ಲದಿದ್ದರೆ, ಜೀತಕ್ಕಿಟ್ಟುಕೊಂಡದ್ದು ದೌರ್ಜನ್ಯ ತಡೆ ಕಾಯ್ದೆಯ ಅಪರಾಧವೂ ಆಗುತ್ತದೆ.

ನೀವು ಮಾಡಬೇಕಾದುದು

ಮೊದಲಿಗೆ, ಹೊಲಕ್ಕೆ ನುಗ್ಗಿ ಜಗಳ ತೆಗೆಯಬೇಡಿ. ನಾನೊಮ್ಮೆ ಆ ತಪ್ಪು ಮಾಡಿದ್ದೇನೆ. ಮರುದಿನ ಆ ಹುಡುಗಿಯನ್ನು ಬೇರೆ ಊರಿನ ಹೊಲಕ್ಕೆ ಸಾಗಿಸಿದರು, ಮತ್ತೆ ಅವಳನ್ನು ಹುಡುಕಲು ಹದಿನೈದು ದಿನ ಬೇಕಾಯಿತು. ಅದರ ಬದಲು ಜಾಗ, ಹೊತ್ತು, ಎಷ್ಟು ಮಕ್ಕಳು, ಯಾವ ಕೆಲಸ, ಬೆಳಗ್ಗೆ ಟಂಟಂನಲ್ಲೋ ಟ್ರ್ಯಾಕ್ಟರಿನಲ್ಲೋ ಅವರನ್ನು ಎಲ್ಲಿಂದ ಹತ್ತಿಸಿಕೊಳ್ಳುತ್ತಾರೆ ಎಂಬುದನ್ನು ಎರಡು ದಿನ ಗಮನಿಸಿ ಬರೆದಿಟ್ಟುಕೊಳ್ಳಿ. ಮಗುವಿನ ಮುಖ ಕಾಣುವ ಫೋಟೊವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ.

ನಂತರ ಶಾಲೆಗೆ ಹೋಗಿ ಮುಖ್ಯಗುರುಗಳನ್ನು ಕಾಣಿ. ಹಾಜರಿ ಪುಸ್ತಕವು ಮಗು ಯಾವ ದಿನದಿಂದ ಬಂದಿಲ್ಲ ಎಂಬುದಕ್ಕೆ ಸಾಕ್ಷಿ. ದಾಖಲಾತಿಯ ಜನ್ಮದಿನಾಂಕವು ವಯಸ್ಸಿಗೆ ಸಾಕ್ಷಿ, ಏಕೆಂದರೆ ವಯಸ್ಸು ನಿರ್ಧರಿಸುವಾಗ ಬಾಲನ್ಯಾಯ ಕಾಯ್ದೆ ಮೊದಲು ನೋಡುವುದು ಶಾಲೆಯ ದಾಖಲೆಯನ್ನೇ. ತಿಳಿಸದೆ ಸತತ 30 ದಿನ ಗೈರಾದ ಮಗುವಿನ ವಿಷಯವನ್ನು ನೋಡಲ್ ಅಧಿಕಾರಿಗೆ (ಈ ಕಾಯ್ದೆಯ ಜಾರಿಗಾಗಿ ಜಿಲ್ಲಾಧಿಕಾರಿಗಳು ನೇಮಿಸಿದವರಿಗೆ) ತಿಳಿಸುವ ಹೊಣೆಯನ್ನು 2017ರ ನಿಯಮಗಳು ಮುಖ್ಯಗುರುಗಳ ಮೇಲೆಯೇ ಹಾಕಿವೆ. ಅಲ್ಲಿಯವರೆಗೆ ಕಾಯುವ ಅಗತ್ಯವೇನೂ ಇಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರನ್ನು ಕರೆದುಕೊಂಡು ಮನೆಗೆ ಹೋಗಿ ಮಾತಾಡಿದರೆ ಕೆಲವು ಮಕ್ಕಳು ವಾರದೊಳಗೆ ಮರಳುತ್ತಾರೆ.

ಆ ಮನೆಯಲ್ಲಿ ‘ಮಗುವನ್ನು ಏಕೆ ಕಳಿಸಿದಿರಿ’ ಎಂದು ಗದರಬೇಡಿ. ‘ಎಷ್ಟು ಮುಂಗಡ ತಗೊಂಡೀರಿ, ಯಾರ ಕಡೆಯಿಂದ, ಯಾವಾಗ’ ಎಂದು ಸಮಾಧಾನದಿಂದ ಕೇಳಿ. ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಪ್ರಶ್ನೆ, ಏಕೆಂದರೆ ಮುಂಗಡದ ಭಯ ಹಾಗೆಯೇ ಉಳಿದರೆ ಬಿಡಿಸಿ ತಂದ ಮಗು ಮತ್ತೆ ಅದೇ ಹೊಲಕ್ಕೆ ಹೋಗುತ್ತದೆ. ಜೀತದ ಸಾಲ ಕಾನೂನಿನ ಕಣ್ಣಿನಲ್ಲಿ ಸಾಲವೇ ಅಲ್ಲ, ಅದನ್ನು ತೀರಿಸಬೇಕಾಗಿಲ್ಲ ಎಂಬುದನ್ನು ಆ ತಂದೆತಾಯಿಗೆ ಬಿಡಿಸಿ ಹೇಳಿ. ಪ್ರಕರಣವನ್ನು ಉಪವಿಭಾಗಾಧಿಕಾರಿಗಳ ಮುಂದೆ ಇಟ್ಟು ಬಿಡುಗಡೆ ಪತ್ರ ಪಡೆದರೆ, ಕೇಂದ್ರದ ಪುನರ್ವಸತಿ ಯೋಜನೆಯಡಿ ಜೀತದಿಂದ ಬಿಡುಗಡೆಯಾದ ಮಗುವಿಗೆ 2 ಲಕ್ಷ ರೂಪಾಯಿಯವರೆಗೆ ನೆರವಿಗೆ ಅವಕಾಶವಿದೆ.

ಮಾತಿನಿಂದ ಆಗದಿದ್ದರೆ, ಅಥವಾ ಮಗು ಹೊಡೆತ ತಿನ್ನುತ್ತಿದ್ದರೆ, ಬೇರೆ ಊರಿನಲ್ಲಿ ಇರಿಸಲ್ಪಟ್ಟಿದ್ದರೆ ತಡಮಾಡದೆ 1098ಕ್ಕೆ ಕರೆ ಮಾಡಿ. ಇದು ಶುಲ್ಕವಿಲ್ಲದ, ಹಗಲುರಾತ್ರಿ ನಡೆಯುವ ಮಕ್ಕಳ ಸಹಾಯವಾಣಿ, ತುರ್ತಿದ್ದರೆ 112. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ, ಪ್ರತಿಯನ್ನು ಜೋಪಾನವಾಗಿಡಿ. ಬಾಲಕಾರ್ಮಿಕರ ದೂರುಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ‘ಪೆನ್ಸಿಲ್’ (PENCIL) ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು.

ಬಿಡಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಗೆ ಕಳಿಸಬೇಕೋ ಬಾಲಮಂದಿರದಲ್ಲಿ ಇರಿಸಬೇಕೋ ಎಂಬುದನ್ನು ಸಮಿತಿಯೇ ತೀರ್ಮಾನಿಸುತ್ತದೆ. ಅಲ್ಲಿ ಮೂರು ವಿಷಯಗಳನ್ನು ಕೇಳಲು ಮನೆಯವರಿಗೆ ಹೇಳಿಕೊಡಿ. ದುಡಿದ ದಿನಗಳ ಬಾಕಿ ಕೂಲಿ ಬರಬೇಕು. ದಂಡದ ಹಣಕ್ಕೆ ಸರ್ಕಾರ ಸೇರಿಸುವ 15,000 ರೂಪಾಯಿಯೊಂದಿಗೆ ಮಗುವಿನ ಹೆಸರಿನಲ್ಲಿ ಪುನರ್ವಸತಿ ನಿಧಿ ಜಮೆಯಾಗಬೇಕು. ಕುಟುಂಬದ ಆದಾಯ ಮಿತಿಯೊಳಗಿದ್ದರೆ, ಅಂದರೆ ಹಳ್ಳಿಯಲ್ಲಿ ವರ್ಷಕ್ಕೆ 72,000 ರೂಪಾಯಿ ಮೀರದಿದ್ದರೆ, ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿಗೆ ಅರ್ಜಿ ಹಾಕಬೇಕು. ಕೂಲಿಯ ಆಸೆಗೆ ಎದುರಾಗಿ ನಿಲ್ಲುವ ಮೊತ್ತವೆಂದರೆ ಇದೊಂದೇ ಎಂಬುದು ನನ್ನ ಅಭಿಪ್ರಾಯ.

ಶಾಲೆಗೆ ಮರಳುವಾಗ ಟಿಸಿ ಇಲ್ಲ, ವಯಸ್ಸಿನ ಪತ್ರವಿಲ್ಲ, ಎರಡು ವರ್ಷ ಬಿಟ್ಟುಹೋಗಿದೆ ಎಂಬ ಮಾತುಗಳು ಬರಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಇವಾವುವೂ ದಾಖಲಾತಿ ನಿರಾಕರಿಸಲು ಕಾರಣವಾಗಲಾರವು. ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಉಳಿದವರ ಸಮಕ್ಕೆ ತರುವ ವಿಶೇಷ ತರಬೇತಿ ಕೊಡಬೇಕು. ತಂದೆತಾಯಿ ಗುಳೆ ಹೋಗುವ ಮನೆಯ ಹುಡುಗಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಂಥ ವಸತಿ ಶಾಲೆಯಲ್ಲಿ ಜಾಗವಿದೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ತಿಂಗಳ ನಂತರ ಮತ್ತೊಮ್ಮೆ ಶಾಲೆಗೆ ಹೋಗಿ ಹಾಜರಿ ನೋಡಿ. ಮುಂದಿನ ವರ್ಷದ ಕೆಲಸವನ್ನಂತೂ ಹತ್ತಿ ಹೂಬಿಡುವವರೆಗೆ ಮುಂದೂಡಬೇಡಿ, ಏಕೆಂದರೆ ಏಜೆಂಟರು ಮುಂಗಡ ಹಂಚುವುದು ಅದಕ್ಕೂ ಬಹಳ ಮೊದಲು. ಮುಂಗಾರಿನ ಬಿತ್ತನೆಯ ಹೊತ್ತಿಗೆ, ಶಾಲೆ ಆರಂಭವಾದ ವಾರದಲ್ಲಿಯೇ, ಹಿಂದಿನ ವರ್ಷ ಗೈರಾದ ಮಕ್ಕಳ ಹೆಸರುಗಳನ್ನು ಬರೆದುಕೊಂಡು ಮುಖ್ಯಗುರುಗಳು ಮತ್ತು ಅಂಗನವಾಡಿ ಕಾರ್ಯಕರ್ತೆಯೊಂದಿಗೆ ಆ ಮನೆಗಳಿಗೆ ಹೋಗಿ ಬನ್ನಿ.