ಟ್ರ್ಯಾಕ್ ಡೇ: ಅದೇ ಕಾರಿನಲ್ಲಿ ಮನೆಗೆ ಮರಳಬೇಕಾದವರಿಗೆ

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಚೆನ್ನೈ ಹೆದ್ದಾರಿಯಲ್ಲಿ ಸುಮಾರು 300 ಕಿ.ಮೀ. ಹೋದರೆ ಶ್ರೀಪೆರಂಬುದೂರಿನ ಆಚೆಗೆ ಇರುಂಗಾಟ್ಟುಕೋಟೈ ಸಿಗುತ್ತದೆ. 1990ರಲ್ಲಿ ಆರಂಭವಾದ, 3.7 ಕಿ.ಮೀ. ಉದ್ದದ ಮದ್ರಾಸ್ ರೇಸ್ ಟ್ರ್ಯಾಕ್ (ಈಗಿನ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್) ಇರುವುದು ಅಲ್ಲಿ. ನಮ್ಮ ಕಡೆಯ ಹವ್ಯಾಸಿಗಳು ಸಾಮಾನ್ಯವಾಗಿ ಹೋಗುವುದು ಒಂದೋ ಅಲ್ಲಿಗೆ, ಇಲ್ಲವೇ ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ. ಫಾರ್ಮುಲಾ ಮಾರುತಿ ಎಂಬ ರೇಸ್ ಕಾರುಗಳನ್ನು ರೂಪಿಸಿದ ಎಸ್. ಕರಿವರ್ಧನ್ ಅವರ ಹೆಸರನ್ನು ಹೊತ್ತ ಆ ಟ್ರ್ಯಾಕ್ ಎರಡು ಕಿ.ಮೀ. ಚಿಲ್ಲರೆ ಉದ್ದದ್ದು.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಶುಲ್ಕ ಕಟ್ಟಿ, ನಮ್ಮದೇ ಕಾರನ್ನು, ಎದುರಿನಿಂದ ಲಾರಿಯಾಗಲಿ ಎಮ್ಮೆಯಾಗಲಿ ಬಾರದ ದಾರಿಯಲ್ಲಿ, ಹದಿನೈದು ಇಪ್ಪತ್ತು ನಿಮಿಷಗಳ ಸೆಷನ್‌ಗಳಲ್ಲಿ ಅದರ ಮಿತಿಯ ಹತ್ತಿರ ಓಡಿಸಿ ಕಲಿಯುವ ದಿನವದು. ಬಹುಮಾನವಿಲ್ಲ, ಗೆದ್ದವರಿಲ್ಲ. ಪೋರ್ಷೆಯಂಥ ನಿಜವಾದ ಸ್ಪೋರ್ಟ್ಸ್ ಕಾರುಗಳು ಅಲ್ಲಿಗೆ ಬರುವುದುಂಟಾದರೂ, ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸಿ ಸಜ್ಜುಗೊಳಿಸುವ ಜಾಗವಾದ ಪಿಟ್‌ನಲ್ಲಿ ಹೆಚ್ಚಾಗಿ ಕಾಣುವುದು ಪೋಲೋ, ಸ್ವಿಫ್ಟ್, ಐ20 ಎನ್ ಲೈನ್‌ಗಳಂಥ ಸಣ್ಣ ಚುರುಕು ಕಾರುಗಳೇ. ನನ್ನದು 110 ಅಶ್ವಶಕ್ತಿಯ 1.0 ಲೀಟರ್ ಟರ್ಬೊ ಪೆಟ್ರೋಲ್ ಟಿಎಸ್‌ಐ ಎಂಜಿನ್ನಿನ ಪೋಲೋ. ಇಲ್ಲಿನ ಉದಾಹರಣೆಗಳೆಲ್ಲ ಅದರವೇ. ಬೆಳಿಗ್ಗೆ ಟ್ರ್ಯಾಕಿಗೆ ಇಳಿಯುವ ಕಾರೇ ಸಂಜೆ ನಮ್ಮನ್ನು ಮನೆಗೂ ಕರೆತರಬೇಕು. ಯಾವ ಮಾರ್ಪಾಡನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಾನು ತೀರ್ಮಾನಿಸುವುದು ಈ ಒಂದೇ ಮಾತಿನ ಮೇಲೆ.

ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಕಾಗದಗಳನ್ನು ಓದಿಕೊಳ್ಳುವುದು ಒಳ್ಳೆಯದು. ಒಂದು, ವಿಮೆಯ ಪಾಲಿಸಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ವಾಹನದ ಬಳಕೆಯ ಮಿತಿಗಳನ್ನು ಹೇಳುವ ಭಾಗದಲ್ಲಿ ಸಂಘಟಿತ ರೇಸಿಂಗ್ ಮತ್ತು ವೇಗ ಪರೀಕ್ಷೆಯನ್ನು ಹೊರಗಿಟ್ಟಿರುತ್ತಾರೆ. ಹೀಗಾಗಿ ಟ್ರ್ಯಾಕಿನಲ್ಲಿ ಬಂಪರ್ ಮುರಿದರೆ ಖರ್ಚು ಕಿಸೆಯಿಂದಲೇ ಎಂದು ಲೆಕ್ಕ ಹಾಕಿಕೊಂಡು ಹೊರಡಬೇಕು. ಇನ್ನೊಂದು, ಆರ್‌ಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು; ಅದೇ ವರ್ಷದ ತಿದ್ದುಪಡಿಯ ನಂತರ ಪ್ರತಿ ಅಕ್ರಮ ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಗುಡುಗುವ ಸೈಲೆನ್ಸರ್, ಮಡ್‌ಗಾರ್ಡಿನಿಂದ ಹೊರಚಾಚಿದ ಟೈರ್ ಇವು ಹೆದ್ದಾರಿಯಲ್ಲಿ ಪೊಲೀಸರ ಕಣ್ಣಿಗೆ ಬೀಳುವುದಕ್ಕೇ ಹೊರತು ಸುತ್ತಿನ ಸಮಯವನ್ನು ಇಳಿಸುವುದಕ್ಕೆ ಹೆಚ್ಚೇನೂ ಪ್ರಯೋಜನಕ್ಕೆ ಬಾರವು.

ಮೊದಲ ಹಣ ಬ್ರೇಕಿಗೆ ಹೋಗಬೇಕು. ಕಾರಣವನ್ನು ಲೆಕ್ಕವೇ ಹೇಳುತ್ತದೆ. ಚಾಲಕನೂ ಸೇರಿ ಸುಮಾರು 1,180 ಕಿಲೋ ತೂಗುವ ಕಾರು ಗಂಟೆಗೆ 150 ಕಿ.ಮೀ. ವೇಗದಿಂದ 70ಕ್ಕೆ ಇಳಿಯುವಾಗ ಅದರ ಚಲನಶಕ್ತಿಯಲ್ಲಿ ಸುಮಾರು 800 ಕಿಲೋಜೂಲ್ ಕಡಿಮೆಯಾಗುತ್ತದೆ. ಎರಡೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವಷ್ಟು ಶಾಖ ಅದು. ಅದರ ಬಹುಪಾಲನ್ನು ಬ್ರೇಕುಗಳು ಮೂರು ಸೆಕೆಂಡಿನ ಆಸುಪಾಸಿನಲ್ಲಿ ನುಂಗಬೇಕು, ಅದೂ ಪ್ರತಿ ಸುತ್ತಿನಲ್ಲಿ ಹಲವು ಸಲ. ಬೆಂಗಳೂರಿನ ಸಿಗ್ನಲ್ಲುಗಳ ನಡುವೆ ಎಂದೂ ತೊಂದರೆ ಕೊಡದ ಬ್ರೇಕು ಇಲ್ಲಿ ನಾಲ್ಕನೆಯ ಸುತ್ತಿಗೇ ಕೈಕೊಟ್ಟರೆ ಆಶ್ಚರ್ಯವಿಲ್ಲ.

ನನಗೆ ಆದದ್ದೂ ಹಾಗೆಯೇ. ಮೊದಲ ಟ್ರ್ಯಾಕ್ ಡೇಯ ಎರಡನೆಯ ಸೆಷನ್ನಿನಲ್ಲಿ ನೇರ ಓಟದ ಕೊನೆಗೆ ಪೆಡಲ್ ಒತ್ತಿದಾಗ ಅದು ಬೆಂದ ಬದನೆಕಾಯಿಯಂತೆ ಮೆತ್ತಗೆ ತಗ್ಗಿಹೋಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ಒಂದಿಷ್ಟು ಹಿಡಿತ ಸಿಕ್ಕಿತಾದರೂ ಕಾರು ತಿರುವಿನ ಹೊರಗಿನ ಮಣ್ಣಿಗೆ ಇಳಿದೇ ನಿಂತಿತು. ಹಿಂದಿನ ತಿಂಗಳಷ್ಟೇ ಸರ್ವಿಸ್ ಮಾಡಿಸಿದ್ದೆ; ಬ್ರೇಕ್ ಆಯಿಲ್ ಬದಲಾಯಿಸಿದ್ದಾಗಿ ಬಿಲ್ಲಿನಲ್ಲಿ ಬರೆದೂ ಇತ್ತು. ಮನೆಗೆ ಬಂದು ಬ್ಲೀಡ್ ಮಾಡಿದಾಗ (ಹಳೆಯ ದ್ರವವನ್ನೂ ಗಾಳಿಯನ್ನೂ ಹೊರಹಾಕಿ ಹೊಸ ದ್ರವ ತುಂಬಿದಾಗ) ಪೈಪಿನಲ್ಲಿ ಇಳಿದದ್ದು ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಣ್ಣದ ದ್ರವ. ಅಂದಿನಿಂದ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟಿಲ್ಲ.

ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದೇ ಕರೆದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ, ಗಾಳಿಯಲ್ಲಿನ ತೇವವನ್ನು ಸದಾ ಹೀರುತ್ತಿರುತ್ತದೆ. ನೀರು ಸೇರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿ ಮಾತ್ರ. ಡಾಟ್ 5.1ಕ್ಕೆ ಇವೇ ಅಂಕಿಗಳು 260 ಮತ್ತು 180. ಟ್ರ್ಯಾಕಿಗೆಂದೇ ಮಾಡಿದ ದ್ರವಗಳು ಹೊಸದರಲ್ಲಿ 300 ಡಿಗ್ರಿಯನ್ನು ಮೀರಿ ತಡೆಯುತ್ತವೆ. ದ್ರವ ಕುದಿದು ಆವಿಯ ಗುಳ್ಳೆಗಳಾದರೆ ಪೆಡಲ್ ಗುಳ್ಳೆಯನ್ನು ಅಮುಕುತ್ತದೆಯೇ ಹೊರತು ಡಿಸ್ಕನ್ನು ಹಿಡಿದು ನಿಲ್ಲಿಸುವ ಪ್ಯಾಡನ್ನಲ್ಲ. ಡಾಟ್ 5 ಎಂಬ ಸಿಲಿಕೋನ್ ದ್ರವವನ್ನು ಮಾತ್ರ ಇವುಗಳೊಂದಿಗೆ ಬೆರೆಸಬಾರದು. ಹೆಸರು ಹತ್ತಿರವಿದ್ದರೂ ಅದರ ಜಾತಿಯೇ ಬೇರೆ.

ಬ್ಲೀಡ್ ಮಾಡಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕುಳಿತು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಬೇಕು; ಇನ್ನೊಬ್ಬರು ಕ್ಯಾಲಿಪರಿನ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗದ) ನಿಪ್ಪಲ್ಲಿಗೆ, ಅಂದರೆ ದ್ರವ ಹೊರಬಿಡುವ ಸಣ್ಣ ತಿರುಪಿಗೆ, ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಿ, ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಬೇಕು. ದ್ರವ ಇಳಿದ ಮೇಲೆ ಮೊದಲು ನಿಪ್ಪಲ್ ಬಿಗಿ, ಆನಂತರವೇ ಪೆಡಲಿನಿಂದ ಕಾಲು ತೆಗೆಯುವುದು. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಬಣ್ಣ ತಿಳಿಯಾಗಿ ಗುಳ್ಳೆಗಳು ನಿಲ್ಲುವವರೆಗೂ ನಾಲ್ಕೂ ಚಕ್ರಗಳಲ್ಲಿ, ಕಾರಿನ ಕೈಪಿಡಿ ಹೇಳುವ ಸರದಿಯಲ್ಲಿ, ಇದನ್ನು ಮಾಡಬೇಕು. ಬಾನೆಟ್ಟಿನ ಕೆಳಗಿನ ಡಬ್ಬಿ ಬರಿದಾಗದಂತೆ ಆಗಾಗ ತುಂಬುತ್ತಿರಬೇಕು. ಬಾಡಿಯ ಮೇಲೆ ಹನಿ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯದಿದ್ದರೆ ಬಣ್ಣ ಎದ್ದುಹೋಗುತ್ತದೆ.

ಪ್ಯಾಡುಗಳ ಸೋಲು ಬೇರೆ ಬಗೆಯದು: ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಈ ವ್ಯತ್ಯಾಸವನ್ನು ಕಾಲು ಗುರುತಿಸಬೇಕು, ಏಕೆಂದರೆ ಎರಡಕ್ಕೂ ಪರಿಹಾರ ಬೇರೆ. ಹೆಚ್ಚು ಉಷ್ಣ ತಡೆಯುವ ಪ್ಯಾಡುಗಳನ್ನು ಕೊಳ್ಳಬೇಕು ನಿಜ; ಆದರೆ ಪೂರ್ಣ ರೇಸಿಂಗ್ ಪ್ಯಾಡು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ, ಮುಂಜಾನೆ ಹೊಸೂರು ರಸ್ತೆಯಲ್ಲಿ ಮುಂದಿನ ಬಸ್ಸು ಗಕ್ಕನೆ ನಿಂತರೆ ಅಪಾಯ. ರಸ್ತೆಗೂ ಟ್ರ್ಯಾಕಿಗೂ ಒಗ್ಗುವ ನಡುವಿನ ದರ್ಜೆಯೇ ನಮಗೆ ಸಾಕು. ಪೋಲೋದ ಹಿಂದಿನ ಚಕ್ರಗಳಲ್ಲಿ ಡ್ರಮ್ ಇದೆ. ಅದನ್ನು ಡಿಸ್ಕಿಗೆ ಬದಲಾಯಿಸಲು ಹೊರಡುವವರಿದ್ದಾರೆ. ಬ್ರೇಕಿನ ಭಾರದ ದೊಡ್ಡ ಪಾಲು ಮುಂದಿನ ಚಕ್ರಗಳ ಮೇಲೆಯೇ ಬೀಳುವುದರಿಂದ ಆ ಹಣ ವ್ಯರ್ಥವೆಂಬುದು ನನ್ನ ಅಭಿಪ್ರಾಯ.

ಎರಡನೆಯ ಹಣ ಟೈರಿಗೆ. ಅಳತೆಯನ್ನು ಕಂಪನಿ ಹೇಳಿದ್ದಕ್ಕಿಂತ ಹಿಗ್ಗಿಸದೆ, ಹಿಡಿತ ಹೆಚ್ಚಿರುವ ಒಳ್ಳೆಯ ರಸ್ತೆ ಟೈರುಗಳನ್ನೇ ಆರಿಸಿಕೊಳ್ಳಬಹುದು. ಗಾಳಿಯ ಒತ್ತಡ ಮಾತ್ರ ದಿನವಿಡೀ ಗಮನ ಬೇಡುತ್ತದೆ. 30 ಡಿಗ್ರಿಯ ಬೆಳಗಿನಲ್ಲಿ 30 ಪಿಎಸ್‌ಐ ತುಂಬಿಸಿದ ಟೈರಿನೊಳಗಿನ ಗಾಳಿ 80 ಡಿಗ್ರಿಗೆ ಕಾಯ್ದರೆ ಒತ್ತಡ 37ರ ಹತ್ತಿರಕ್ಕೆ ಏರುತ್ತದೆ. ಟೈರ್ ಉಬ್ಬಿ, ನೆಲಕ್ಕೆ ತಾಗುವ ಭಾಗ ಕಡಿಮೆಯಾಗಿ, ಕಾರು ಜಾರತೊಡಗುತ್ತದೆ. ಆದ್ದರಿಂದ ಸೆಷನ್ ಮುಗಿಸಿ ಬಂದೊಡನೆ, ಬಿಸಿ ಇರುವಾಗಲೇ, ನಮ್ಮದೇ ಗೇಜಿನಿಂದ ಅಳೆದು ಬಿಡಬೇಕಾದಷ್ಟು ಗಾಳಿ ಬಿಡಬೇಕು. ಎಷ್ಟು ಬಿಡಬೇಕೆಂಬುದಕ್ಕೆ ಒಂದು ಸುಲಭ ಉಪಾಯವಿದೆ. ಸೆಷನ್ನಿಗೆ ಮೊದಲು ಟೈರಿನ ಭುಜದ ಮೇಲೆ, ಹೊರಮೈಯಿಂದ ಪಕ್ಕದ ಗೋಡೆಗೆ ಅಡ್ಡಲಾಗಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಮರಳಿ ಬಂದಾಗ ಗೆರೆ ಗೋಡೆಯ ಮೇಲೂ ಅಳಿಸಿದ್ದರೆ ಟೈರ್ ಮಡಚಿಕೊಳ್ಳುತ್ತಿದೆ, ಗಾಳಿ ಸಾಲದು. ಭುಜದ ಮೇಲೆಯೇ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. ಪ್ರತಿ ಸಲದ ಅಂಕಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಸಲ ಅರ್ಧ ದಿನ ಉಳಿಯುತ್ತದೆ.

ಸಸ್ಪೆನ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲೆರಡು ಟ್ರ್ಯಾಕ್ ಡೇಗಳಿಗೆ ಸೋರದ ಶಾಕ್ ಅಬ್ಸಾರ್ಬರ್‌ಗಳು, ಸವೆಯದ ಬುಷ್‌ಗಳು ಮತ್ತು ಸರಿಯಾದ ಅಲೈನ್‌ಮೆಂಟ್ ಇದ್ದರೆ ಸಾಕು. ಮುಂದಿನ ಟೈರುಗಳ ಹೊರ ಅಂಚು ಮಾತ್ರ ಬೇಗ ಸವೆಯತೊಡಗಿದಾಗ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಕೋನ) ಹೆಚ್ಚಿಸುವ ವಿಚಾರ ಮಾಡಬಹುದು. ಅಗ್ಗದ ಸ್ಪ್ರಿಂಗ್ ಹಾಕಿಸಿ ಕಾರನ್ನು ತಗ್ಗಿಸಿದವರು ಟ್ರ್ಯಾಕಿನಲ್ಲಿ ಬಂಪ್ ಸ್ಟಾಪಿನ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರಿನ) ಮೇಲೆ ಕುಣಿಯುತ್ತಾ, ಊರಿನಲ್ಲಿ ಪ್ರತಿ ರಸ್ತೆಯುಬ್ಬಿಗೂ ಹೊಟ್ಟೆ ಉಜ್ಜುತ್ತಾ ಓಡಾಡುವುದನ್ನು ಬೇಕಾದಷ್ಟು ಕಂಡಿದ್ದೇನೆ.

ಎಂಜಿನ್ ಕೊನೆಗೆ. ಟರ್ಬೊ ಕಾರಿನ ಇಸಿಯುವನ್ನು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನು, ರೀಮ್ಯಾಪ್ ಮಾಡಿಸಿದರೆ (ಅದರ ಪ್ರೋಗ್ರಾಂ ಬದಲಾಯಿಸಿದರೆ) ಒಂದೇ ಮಧ್ಯಾಹ್ನದಲ್ಲಿ ಶಕ್ತಿ ಹೆಚ್ಚುವುದು ಸುಳ್ಳಲ್ಲ. ಆದರೆ ಹೆಚ್ಚಿದ ಶಕ್ತಿಯೊಂದಿಗೆ ಶಾಖವೂ ಹೆಚ್ಚುತ್ತದೆ. ಚೆನ್ನೈ ಬಿಸಿಲಿನಲ್ಲಿ ಎಂಜಿನ್ ಒಳಗೆಳೆಯುವ ಗಾಳಿ ಕಾಯ್ದಾಗ ಇಸಿಯು ತನ್ನ ರಕ್ಷಣೆಗಾಗಿ ಇಗ್ನಿಷನ್ ಟೈಮಿಂಗನ್ನು (ಇಂಧನಕ್ಕೆ ಕಿಡಿ ತಗಲುವ ಕ್ಷಣವನ್ನು) ತಡಮಾಡಿ, ಹಣ ಕೊಟ್ಟು ಪಡೆದ ಶಕ್ತಿಯನ್ನು ಮೂರನೆಯ ಸುತ್ತಿಗೇ ಕಿತ್ತುಕೊಳ್ಳುತ್ತದೆ. ವಾರಂಟಿ ಇದ್ದರೆ ಅದೂ ಹೋಗುವ ಸಂಭವವಿದೆ. 2013ರಲ್ಲಿ ಬಂದ ಪೋಲೋ 1.2 ಜಿಟಿ ಟಿಎಸ್‌ಐನಲ್ಲಿರುವ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು ಒಣ ಕ್ಲಚ್ಚು. 250 ನ್ಯೂಟನ್ ಮೀಟರ್ ಟಾರ್ಕಿನವರೆಗಷ್ಟೇ (ತಿರುಗಿಸುವ ಬಲ) ತಾಳುವಂತೆ ಅದನ್ನು ರೂಪಿಸಿದ್ದಾರೆ. ಆ ಕಾರುಳ್ಳವರು ರೀಮ್ಯಾಪಿನ ಟಾರ್ಕ್ ಅಂಕಿಯನ್ನು ನೋಡದೆ ಒಪ್ಪಬಾರದು. ಎಂಜಿನ್ನಿಗೆ ಮಾಡಬೇಕಾದ ಕೆಲಸ ಇಷ್ಟು: ಹೊಸ ಎಂಜಿನ್ ಆಯಿಲ್, ಅದೂ ಡಿಪ್‌ಸ್ಟಿಕ್ಕಿನ ಮೇಲ್ಗೆರೆಗೆ ಸರಿಯಾಗಿ, ಸೋರಿಕೆಯಿಲ್ಲದ ಕೂಲಂಟ್, ಕಸ ತುಂಬದ ರೇಡಿಯೇಟರ್. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಒತ್ತರಿಸುವುದರಿಂದ ಮಟ್ಟ ಕಡಿಮೆಯಿದ್ದರೆ ಪಂಪಿಗೆ ಗಾಳಿ ಸಿಕ್ಕಿಬಿಡಬಹುದು.

ಹೊರಡುವ ಹಿಂದಿನ ರಾತ್ರಿ ಪೂರ್ಣ ಮುಖ ಮುಚ್ಚುವ ಹೆಲ್ಮೆಟ್, ಉದ್ದ ತೋಳಿನ ಹತ್ತಿ ಅಂಗಿ, ತೆಳು ಅಟ್ಟೆಯ ಶೂ, ಗಾಳಿ ಗೇಜು, ಟಾರ್ಕ್ ರೆಂಚ್, ಒಂದು ಲೀಟರ್ ಎಂಜಿನ್ ಆಯಿಲ್, ಮುಚ್ಚಳ ತೆರೆಯದ ಬ್ರೇಕ್ ಆಯಿಲ್ ಡಬ್ಬಿ, ಬೇಕಾದಷ್ಟು ಕುಡಿಯುವ ನೀರು ಇವಿಷ್ಟನ್ನೂ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಪಿಟ್ ತಲುಪಿದ ಮೇಲೆ ಡಿಕ್ಕಿ, ಒಳಾಂಗಣ ಎರಡನ್ನೂ ಪೂರ್ತಿ ಖಾಲಿ ಮಾಡಬೇಕು: ಸ್ಟೆಪ್ನಿ, ಜಾಕಿ, ಚಾಲಕನ ಕಾಲಡಿಯ ಮ್ಯಾಟು, ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ, ಬಾಗಿಲ ಸಂದಿನ ನೀರಿನ ಬಾಟಲಿ ಎಲ್ಲವೂ ಹೊರಗೆ. ಬಾಟಲಿ ಉರುಳಿ ಬ್ರೇಕ್ ಪೆಡಲಿನ ಹಿಂದೆ ಸಿಕ್ಕಿಕೊಂಡರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ವೀಲ್ ಬೋಲ್ಟುಗಳನ್ನು ರೆಂಚಿನಿಂದ ಬಿಗಿಮಾಡಿ (ಪೋಲೋದಲ್ಲಿ 120 ನ್ಯೂಟನ್ ಮೀಟರ್), ಕಾರನ್ನು ಎಳೆಯುವ ಕೊಂಡಿಯನ್ನು ಬಂಪರಿನಲ್ಲಿ ಎಲ್ಲಿ ಸಿಕ್ಕಿಸಬೇಕೆಂದು ಆಗಲೇ ನೋಡಿಟ್ಟುಕೊಳ್ಳಿ.

ಬೆಳಗಿನ ಬ್ರೀಫಿಂಗನ್ನು ತಪ್ಪಿಸಬಾರದು. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ವೇಗ ತಗ್ಗಿಸಿ, ಓವರ್‌ಟೇಕ್ ಬೇಡ. ಕೆಂಪು ಕಂಡರೆ ಸೆಷನ್ ನಿಂತಿದೆ, ನಿಧಾನವಾಗಿ ಪಿಟ್‌ಗೆ. ನೀಲಿ ಕಂಡರೆ ಹಿಂದೆ ವೇಗದ ಕಾರಿದೆ, ದಾರಿ ಕೊಡಿ. ಕಪ್ಪು ನಿಮಗೇ ತೋರಿಸಿದರೆ ಪಿಟ್‌ಗೆ ಬಂದು ಕಾರಣ ಕೇಳಿ. ಹೊಸಬರ ಗುಂಪಿನಲ್ಲಿ ಓವರ್‌ಟೇಕ್ ಸಾಮಾನ್ಯವಾಗಿ ನೇರ ದಾರಿಯಲ್ಲಿ ಮಾತ್ರ, ಅದೂ ಮುಂದಿನವರು ಕೈತೋರಿಸಿದ ಮೇಲೆ.

ಕುಳಿತುಕೊಳ್ಳುವ ಭಂಗಿಯಿಂದಲೇ ಚಾಲನೆ ಆರಂಭವಾಗುತ್ತದೆ. ಬೆನ್ನು ಸೀಟಿಗೆ ಒರಗಿರುವಾಗ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ತಾಗಬೇಕು. ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಮೊದಲ ಸೆಷನ್ನನ್ನು ಬ್ರೇಕು ತುಳಿಯುವ ಜಾಗ, ತಿರುಗುವ ಜಾಗ, ತಿರುವಿನ ಒಳ ಅಂಚನ್ನು ಮುಟ್ಟುವ ಜಾಗ ಇವನ್ನು ಗುರುತಿಸುವುದಕ್ಕೆಂದೇ ಮೀಸಲಿಟ್ಟು, ನಿಮ್ಮ ಸಾಮರ್ಥ್ಯದ ಮುಕ್ಕಾಲು ಭಾಗಕ್ಕೆ ಮೀರದ ವೇಗದಲ್ಲಿ ಓಡಿಸಿ. ಬ್ರೇಕನ್ನು ಸ್ಟೀರಿಂಗ್ ನೇರವಿರುವಾಗಲೇ, ಗಟ್ಟಿಯಾಗಿ, ಒಂದೇ ಸಲ ಹಾಕಿ ಮುಗಿಸಬೇಕು. ಒಳ ಅಂಚನ್ನು ಅನ್ನಿಸಿದ್ದಕ್ಕಿಂತ ಸ್ವಲ್ಪ ತಡವಾಗಿ ಮುಟ್ಟಿದರೆ ಹೊರಬರುವಾಗ ಜಾಗ ಉಳಿಯುತ್ತದೆ. ಮುಂದಿನ ಚಕ್ರಗಳು ಎಳೆಯುವ ನಮ್ಮ ಕಾರುಗಳಲ್ಲಿ ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಗಕ್ಕನೆ ಕಾಲು ತೆಗೆದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿ ತಿರುಗಿಬಿಡುವುದುಂಟು; ವೇಗ ಹೆಚ್ಚಾಯಿತೆನಿಸಿದರೂ ಕಾಲನ್ನು ನಿಧಾನವಾಗಿಯೇ ಹಿಂದೆಗೆಯಬೇಕು. ಮೊಬೈಲಿನ ಲ್ಯಾಪ್ ಟೈಮರನ್ನು ಮೊದಲ ದಿನ ತೆರೆಯಲೇಬೇಡಿ. ಬೋಧಕರು ಪಕ್ಕದಲ್ಲಿ ಕೂರುವ ವ್ಯವಸ್ಥೆಯಿದ್ದರೆ ಬೇರೆ ಯಾವ ಬಿಡಿಭಾಗಕ್ಕೂ ಮೊದಲು ಅದಕ್ಕೆ ಹಣ ಕೊಡಿ.

ಪ್ರತಿ ಸೆಷನ್ನಿನ ಕೊನೆಯ ಸುತ್ತು ಬ್ರೇಕ್ ಮುಟ್ಟದೆ, ತಣಿಯಲು ಬಿಟ್ಟು ಓಡಿಸುವ ಸುತ್ತು. ಪಿಟ್‌ನಲ್ಲಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಟರ್ಬೊ ತಣಿಯಲು ಒಂದೆರಡು ನಿಮಿಷ ಎಂಜಿನ್ ಓಡುತ್ತಿರಲಿ. ದಣಿವಾದರೆ ಕೊನೆಯ ಸೆಷನ್ನನ್ನು ಬಿಟ್ಟುಬಿಡಿ. ಹಿಂದಿರುಗುವ ದಾರಿಗೆ ಕಣ್ಣುಗಳು ಚುರುಕಾಗಿರಬೇಕು.

ಹೊರಡುವ ಮೊದಲು ಸ್ಟೆಪ್ನಿ ಒಳಗಿಟ್ಟು, ತಣಿದ ಟೈರುಗಳಿಗೆ ರಸ್ತೆಯ ಒತ್ತಡಕ್ಕೆ ಮತ್ತೆ ಗಾಳಿ ತುಂಬಿಸಿ, ಬೋಲ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಿ. ಮರುದಿನ ಮನೆಯಲ್ಲಿ ಮುಂದಿನ ಚಕ್ರ ಬಿಚ್ಚಿ, ಪ್ಯಾಡಿನ ದಪ್ಪ ಅಳೆದು, ಡಿಸ್ಕಿನ ಮೇಲೆ ಬಿರುಕಿದೆಯೇ ಎಂದು ಬೆಳಕು ಹಿಡಿದು ಪರೀಕ್ಷಿಸಿ. ಪೆಡಲ್ ಒಂದಿಷ್ಟಾದರೂ ಮೆತ್ತಗಾಗಿದ್ದರೆ ಆಫೀಸಿಗೆ ಅಂದು ಮೆಟ್ರೋದಲ್ಲಿ ಹೋಗಿ, ಸಂಜೆ ಬಂದು ಬ್ಲೀಡ್ ಮಾಡಿ.